ಭಾನುವಾರದ ಹಾಜರಿ

ಡೂಗಲ್ ಇವತ್ತು ಬರುತ್ತಾನೋ ಇಲ್ಲವೋ ಎನ್ನುವುದನ್ನು ಬಿಟ್ಟು ಬೇರೆ ಏನನ್ನಾದರೂ ಯೋಚಿಸಬೇಕೆಂದು ಆರ್ಚಿ ಗಿಲ್ಫಿಲನ್ ಬೆಳಗಿನಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ. ಕಿಟಕಿಯ ಪಕ್ಕದ ಕುರ್ಚಿ, ಬೆನ್ನಿಗೆ ಎರಡು ದಿಂಬು, ಮಂಡಿಯ ಮೇಲೆ ಹೆಂಡತಿ ಐಸಾ ಚರ್ಚಿಗೆ ಹೋಗುವ ಮುಂಚೆ ಹೊದಿಸಿ ಹೋದ ಕಂಬಳಿ. ಎರಡನೇ ಮಹಡಿಯಿಂದ ಕಾಣುವುದು ಇಷ್ಟೆ: ಎದುರು ಸಾಲಿನ ಮನೆಗಳ ಒದ್ದೆ ಕಲ್ಲು, ಕುದುರೆ ಜೂಜಿನ ಅಂಗಡಿಯ ಮುಚ್ಚಿದ ಬಾಗಿಲು, ಅದರ ಮೂಲೆಯಲ್ಲಿ ಕ್ಲೈಡ್ ನದಿಯ ಕಡೆಗೆ ತಿರುಗುವ ರಸ್ತೆ. ಮಗ ಬರುವುದಾದರೆ ಆ ಮೂಲೆಯಿಂದಲೇ ಬರಬೇಕು. ಆಚೆ ದಡದಿಂದ ದೋಣಿ ದಾಟಿ, ಮಟನ್ ಪೈಗಳ ಕಾಗದದ ಚೀಲ ಹಿಡಿದು, ಬಸ್ ಓಡಿಸುವವರ ಅಭ್ಯಾಸದಂತೆ ಖಾಲಿ ರಸ್ತೆಯಲ್ಲೂ ಎರಡು ಕಡೆ ನೋಡಿಕೊಂಡು. ಆರು ಭಾನುವಾರ ಹಾಗೆ ಬಂದಿದ್ದ. ಇದು ಏಳನೆಯದು. ಹೋದ ಭಾನುವಾರ ಆರ್ಚಿ ಅವನಿಗೊಂದು ಸುಳ್ಳು ಹೇಳಿ ಕಳಿಸಿದ್ದ. ಆ ಸುಳ್ಳನ್ನು ನಂಬಿಯೂ ಡೂಗಲ್ ಬಂದರೆ ಅವನು ಬರುವುದು ಅಪ್ಪನಿಗಾಗಿ. ಬರದಿದ್ದರೆ ಇಷ್ಟು ದಿನ ಬಂದದ್ದು ದುಡ್ಡಿಗಾಗಿ. ಲೆಕ್ಕ ಬೆಳಿಗ್ಗೆ ಎದ್ದಾಗ ಸರಳವಾಗಿ ಕಂಡಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅದರಲ್ಲೂ ತೂತುಗಳು ಕಾಣತೊಡಗಿದವು.

ನವೆಂಬರಿನಿಂದ ಅವನು ಕೆಳಗೆ ಇಳಿದಿಲ್ಲ. ನಲವತ್ತೆರಡು ಮೆಟ್ಟಿಲು. ಇಳಿಯುವುದೇನೋ ಇಳಿಯಬಹುದು, ಹತ್ತಿಸುವವರು ಯಾರು. ಆಸ್ಪತ್ರೆಗೆ ಹೋಗಬೇಕಾದಾಗ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ, ನೆರೆಮನೆಯವರು ಬಾಗಿಲು ಅರ್ಧ ತೆರೆದು ‘ಇವತ್ತು ಹುಷಾರಾ ಆರ್ಚಿ?’ ಎಂದು ಕೇಳುತ್ತಾರೆ, ಅವನು ಮೆರವಣಿಗೆಯ ಮದುವೆಗಂಡಿನ ಹಾಗೆ ಕೈ ಎತ್ತುತ್ತಾನೆ. ಅಲ್ಲಿ ಎದೆಗೆ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಮೊದಲ ಸಲ ತೆಗೆದಾಗ ಎರಡು ಲೀಟರು ಬಂತು, ಚಹಾದ ಬಣ್ಣದ್ದು. ಡಾಕ್ಟರು ಎಕ್ಸ್‌ರೇ ನೋಡುತ್ತಲೇ, ಅವನ ಮುಖ ನೋಡದೆ, ‘ಯಾವ ಯಾರ್ಡಿನಲ್ಲಿ ಕೆಲಸ ಮಾಡ್ತಿದ್ರಿ?’ ಎಂದು ಕೇಳಿದ್ದರು. ಏನು ಕೆಲಸ ಎಂದು ಕೂಡ ಅಲ್ಲ, ಯಾವ ಯಾರ್ಡು ಎಂದು. ಹಡಗು ಕಟ್ಟುತ್ತಿದ್ದ ಈ ಊರಿನಲ್ಲಿ ಆ ಪ್ರಶ್ನೆ ಬಂತೆಂದರೆ ಉತ್ತರ ಕೊಡುವ ಮೊದಲೇ ಎಲ್ಲ ತಿಳಿದುಹೋಗುತ್ತದೆ. ಆಸ್ಬೆಸ್ಟಾಸ್ ಧೂಳು ಮೂವತ್ತು ನಲವತ್ತು ವರ್ಷ ಎದೆಯ ಒಳಪದರದಲ್ಲಿ ಸುಮ್ಮನೆ ಮಲಗಿದ್ದು, ಮನುಷ್ಯ ನಿವೃತ್ತನಾಗಿ ಹೂವಿನ ಕುಂಡಕ್ಕೆ ನೀರು ಹಾಕಿಕೊಂಡಿರುವ ಕಾಲಕ್ಕೆ ಎದ್ದು ಕೂರುತ್ತದೆ. ಆರ್ಚಿಯ ಗುಂಪಿನಲ್ಲಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಹೀಗೆಯೇ ಹೋಗಿದ್ದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಅವನು ಎಪ್ಪತ್ತೊಂದರವರೆಗೆ ಬಂದಿದ್ದ. ದೊಣ್ಣೆ ತಪ್ಪಿರಲಿಲ್ಲ, ನಿಧಾನವಾಗಿ ಬೀಸಿತ್ತು ಅಷ್ಟೆ.

ಆಮೇಲೆ ಶುರುವಾದದ್ದು ಕಾಗದಗಳು. ಸರ್ಕಾರದಿಂದ ವಾರ ವಾರ ಬರುವ ಒಂದು ಭತ್ಯೆ, ಸರ್ಕಾರವೇ ಒಂದು ಸಲಕ್ಕೆ ಕೊಡುವ ಒಂದು ಗಂಟು, ಅವೆರಡಕ್ಕೂ ಬೇರೆ ಬೇರೆ ಅರ್ಜಿ. ಒಂದು ಅರ್ಜಿಯಲ್ಲಿ ‘ಮುಂದಿನ ಆರು ತಿಂಗಳಲ್ಲಿ ಸುಧಾರಣೆ ನಿರೀಕ್ಷಿಸುತ್ತೀರಾ?’ ಎಂದಿತ್ತು. ಐಸಾ ಪೆನ್ನು ಹಿಡಿದು ಅವನ ಮುಖ ನೋಡಿದಳು. ‘ಮಾಡ್ತೀನಿ ಅಂತ ಬರಿ’ ಎಂದ. ‘ಹಾಗೆ ಬರೆದ್ರೆ ದುಡ್ಡು ಕೊಡಲ್ಲ ಅವರು’ ಎಂದಳು. ‘ಹಾಗಾದ್ರೆ ಇಲ್ಲ ಅಂತ ಬರಿ.’ ಅವಳು ‘ಇಲ್ಲ’ ಎಂದು ಬರೆದು, ಸಕ್ಕರೆ ತರಲು ಎದ್ದು ಹೋದಳು, ಸಕ್ಕರೆ ಮೇಜಿನ ಮೇಲೆಯೇ ಇತ್ತು. ಇವು ಚಿಲ್ಲರೆ ವ್ಯವಹಾರ. ದೊಡ್ಡದು ಕೋರ್ಟಿನದು. ಯಾರ್ಡಿನ ಕಂಪನಿ ಸತ್ತು ಇಪ್ಪತ್ತೈದು ವರ್ಷವಾಗಿತ್ತು, ಆದರೆ ಅದರ ವಿಮೆ ಸತ್ತಿರಲಿಲ್ಲ. ವಕೀಲೆ ಮಿಸ್ ಕಿನ್ಲಾಕ್ ಅಕ್ಟೋಬರಿನಲ್ಲಿ ಇದೇ ಮನೆಗೆ ಬಂದು, ಒಂದು ಹಾಳೆಯ ನಡುವೆ ಗೆರೆ ಎಳೆದು ವಿವರಿಸಿದ್ದಳು. ಮಗಳು ರೋನಾಗಿಂತ ಚಿಕ್ಕವಳು, ಬೂಟು ಬಾಗಿಲಲ್ಲೇ ಬಿಟ್ಟು ಬಂದಿದ್ದಳು, ಕಾಲುಚೀಲದ ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ‘ನೀವು ಬದುಕಿರೋವಾಗಲೇ ಅವರು ಕೊಡೋ ಮೊತ್ತಕ್ಕೆ ಒಪ್ಪಿ ಸಹಿ ಹಾಕಿದ್ರೆ, ದುಡ್ಡು ನಿಮ್ಮ ಕೈಗೆ ಬರುತ್ತೆ. ಆದ್ರೆ ಅಲ್ಲಿಗೆ ಮುಗೀತು. ಆಮೇಲೆ ನಿಮ್ಮನ್ನ ಕಳ್ಕೊಂಡಿದ್ದಕ್ಕೆ ಅಂತ ನಿಮ್ಮ ಮನೆಯವರು, ಮಕ್ಕಳು, ಯಾರೂ ಏನೂ ಕೇಳೋ ಹಾಗಿಲ್ಲ. ಸಹಿ ಹಾಕದೇನೇ...’ ಎಂದು ಪೆನ್ನನ್ನು ಗೆರೆಯ ಆಚೆಗೆ ಒಯ್ದಳು. ‘ಸಹಿ ಹಾಕದೇನೇ ಸತ್ರೆ’ ಎಂದು ಆರ್ಚಿಯೇ ಸಹಾಯ ಮಾಡಿದ. ‘ಹೌದು. ಆಗ ನಿಮ್ಮ ಪಾಲು ನಿಮ್ಮ ಮನೆಯವರಿಗೆ ಹೋಗುತ್ತೆ. ಅದರ ಮೇಲೆ ಅವರಿಗೆ ಬೇರೆ, ಮಗನಿಗೆ ಬೇರೆ, ಮಗಳಿಗೆ ಬೇರೆ. ಕಾನೂನು ಸರಿ ಅಂತ ನಾನು ಹೇಳ್ತಿಲ್ಲ. ಹೀಗಿದೆ ಅಂತಿದೀನಿ.’

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಆರ್ಚಿಯ ಬೆಲೆ ಹಾಗಲ್ಲ. ಇದ್ದರೆ ನಲವತ್ತೆಂಟು ಸಾವಿರ ಪೌಂಡು, ಸತ್ತರೆ ಲಕ್ಷ ದಾಟುತ್ತದೆ. ನಲವತ್ತೆಂಟು ಸಾವಿರದ ಕಾಗದ ವಿಮೆಯವರಿಂದ ಜನವರಿ ಕೊನೆಯಲ್ಲಿ ಬಂದು, ಟಿವಿಯ ಕೆಳಗಿನ ಡ್ರಾಯರಿನಲ್ಲಿ ಕೂತಿತ್ತು. ನಾಡಿದ್ದು ಮಂಗಳವಾರ ಅದರ ಕೊನೆಯ ದಿನ. ಸಹಿ ಹಾಕಿದರೆ ಕೆಳಮಹಡಿಯ ಮನೆ ಬಾಡಿಗೆಗೆ ಹಿಡಿಯಬಹುದು, ಬಾಗಿಲು ತೆಗೆದರೆ ರಸ್ತೆ, ಮನುಷ್ಯರ ಮುಖ ಸಮಮಟ್ಟದಲ್ಲಿ ನೋಡಬಹುದು. ಯಾರ್ಡಿನ ಗುಂಪಿನಲ್ಲಿದ್ದ ಎಕ್ ರೆನಿ ಹಾಗೆಯೇ ಮಾಡಿದ್ದ. ಸಹಿ ಹಾಕಿ, ಸಮುದ್ರದಂಡೆಯಲ್ಲಿ ಕ್ಯಾರವಾನ್ ಅನ್ನುವ ಚಕ್ರದ ಮನೆಯೊಂದನ್ನು ಕೊಂಡು, ಹನ್ನೊಂದು ವಾರ ಅಲೆ ನೋಡಿಕೊಂಡು ಸತ್ತ. ಅವನ ಹೆಂಡತಿ ಬೆಟ್ಟಿ ಈಗ ಶಾಲೆಯ ಮೆಟ್ಟಿಲು ತೊಳೆಯುತ್ತಾಳೆ. ಚಕ್ರದ ಮನೆಯ ವಿಷಯ ಕೇಳಿದರೆ ‘ಸೋರುತ್ತೆ’ ಎನ್ನುತ್ತಾಳೆ. ಊರಿನವರು ಎಕ್‌ನನ್ನು ಬೈಯಲಿಲ್ಲ. ಬೈಯದೆ ಇದ್ದ ರೀತಿ ಮಾತ್ರ ಬೈಗುಳಕ್ಕಿಂತ ಕಡೆಯಾಗಿತ್ತು. ಮಿಕ್ಕವರೆಲ್ಲ ಸಹಿ ಹಾಕದೆ ಸತ್ತರು. ಅದೇ ಇಲ್ಲಿನ ಮರ್ಯಾದೆ. ಗಂಡಸು ಕಾಯುತ್ತಾನೆ, ಹೆಂಗಸು ಅವನು ಕಾಯುವುದನ್ನು ನೋಡುತ್ತಾಳೆ, ಯಾರೂ ಬಾಯಿ ಬಿಡುವುದಿಲ್ಲ. ರಾತ್ರಿ ಕೆಮ್ಮಿದಾಗ ಐಸಾ ಎದ್ದು ಬೆನ್ನು ತಿಕ್ಕುತ್ತಾಳೆ. ಐವತ್ತು ವರ್ಷ ಸಂಸಾರ ಮಾಡಿದ ಆ ಕೈಯನ್ನು ಅವನು ಅನುಮಾನಿಸಬಾರದು. ಅನುಮಾನಿಸುವುದೂ ಇಲ್ಲ. ಆದರೆ ತಾನು ಬದುಕಿರುವ ಒಂದೊಂದು ದಿನವೂ ಯಾರದೋ ದಾರಿಗೆ ಅಡ್ಡ ನಿಂತಂತೆ ಅನಿಸುವುದನ್ನು ಏನು ಮಾಡುವುದು. ಹೊಟ್ಟೆ ತುಂಬ ಉಂಡ ದಿನ ಅವನಿಗೆ ನಾಚಿಕೆಯಾಗುತ್ತಿತ್ತು.

ಅಂಥದರಲ್ಲಿ ಹೊಸ ವರ್ಷದ ಮಾರನೆಯ ದಿನ ಡೂಗಲ್ ಬಂದಿದ್ದ. ಬಾಗಿಲಲ್ಲಿ ನಿಂತ ತಲೆ ನರೆತ ಗಂಡಸನ್ನು ಆರ್ಚಿ ಮೊದಲು ವಿದ್ಯುತ್ ಮೀಟರು ನೋಡುವವನು ಅಂದುಕೊಂಡ. ಮೂವತ್ತೆರಡು ವರ್ಷದಲ್ಲಿ ಅಪ್ಪ ಮಗ ಒಂದೇ ಕೋಣೆಯಲ್ಲಿ ಇದ್ದದ್ದು ಎರಡು ಮದುವೆ, ನಾಲ್ಕು ಹೆಣಗಳ ಸಂದರ್ಭದಲ್ಲಿ, ಆಗಲೂ ಆ ಮೂಲೆಗೊಬ್ಬ ಈ ಮೂಲೆಗೊಬ್ಬ. ‘ಹೊಸ ವರ್ಷದ ಶುಭಾಶಯ’ ಎಂದ ಡೂಗಲ್, ಪೈಗಳನ್ನು ಅಮ್ಮನ ಕೈಗೆ ಕೊಟ್ಟ. ‘ನಿನಗೂ’ ಎಂದ ಆರ್ಚಿ. ಮುಗಿಯಿತು ಮಾತು. ಆದರೆ ಆ ರಾತ್ರಿ ಅವನು ಐಸಾಳ ಕೈ ಹಿಡಿದುಕೊಂಡು, ‘ತಾನಾಗೇ ಬಂದ ನೋಡಿದ್ಯಾ’ ಎಂದು ನಾಲ್ಕು ಸಲ ಹೇಳಿದ್ದ. ಐಸಾ ನಾಲ್ಕು ಸಲವೂ ‘ಹೂಂ, ಮಲಕ್ಕೋ’ ಎಂದಿದ್ದಳು. ಮುಂದಿನ ವಾರ ಡೂಗಲ್ ಮತ್ತೆ ಬಂದ, ಅದರ ಮುಂದಿನ ವಾರವೂ. ಫುಟ್ಬಾಲ್ ನೋಡಿದರು. ಮೂರನೇ ವಾರ ಒಂದು ಪೆನಾಲ್ಟಿಯ ವಿಷಯಕ್ಕೆ ಜಗಳವಾಯಿತು, ಆರ್ಚಿಗೆ ಆ ಸಂತೋಷ ತಡೆಯಲಾರದೆ ಕೆಮ್ಮು ಬಂತು. ಯಾರ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಯಾರ್ಡಿನ ಮಾತು ಎತ್ತುವಂಥದ್ದಲ್ಲ. ಆ ಕಾಲದಲ್ಲಿ ಅಲ್ಲಿಗೆ ಸೇರಬೇಕಾದರೆ ಅಪ್ಪನೋ ಚಿಕ್ಕಪ್ಪನೋ ಮೇಸ್ತ್ರಿಯ ಹತ್ತಿರ ಮಾತಾಡಬೇಕಿತ್ತು. ಮಾತಾಡಿದವನ ಮಾನ ಸೇರಿದವನ ಕೈಯಲ್ಲಿ. ಹದಿನೇಳರ ಡೂಗಲ್‌ಗಾಗಿ ಆರ್ಚಿ ಮಾತಾಡಿದ. ಹಡಗಿನ ಹೊಟ್ಟೆಯೊಳಗೆ ಹಬೆಯ ಕೊಳವೆಗಳ ಹಳೆ ಹೊದಿಕೆ ಕಿತ್ತು ಹೊಸದು ಮೆತ್ತುವ ಕೆಲಸ. ಮೂಟೆ ಬಿಚ್ಚಿ, ಆಸ್ಬೆಸ್ಟಾಸಿನ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಮುದ್ದೆ ಮಾಡುವುದು. ಅದಕ್ಕೆ ಮಂಗನ ಲದ್ದಿ ಎಂದು ಹೆಸರು. ಬಿಡುವಿನಲ್ಲಿ ಅದನ್ನು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಿದ್ದರು, ಒಣಗಿದ ಮೇಲೆ ಬಟ್ಟೆ ಕೊಡವಿಕೊಂಡು ಊಟಕ್ಕೆ ಕೂರುತ್ತಿದ್ದರು. ಹುಡುಗ ಹನ್ನೊಂದು ತಿಂಗಳು ಇದ್ದ. ಒಂದು ಮಧ್ಯಾಹ್ನ ಬ್ರೆಡ್ಡಿನ ಪೊಟ್ಟಣ ಬಿಚ್ಚಿ, ‘ಅಪ್ಪಾ, ಇದರ ಮೇಲೆಲ್ಲಾ ಧೂಳು ಕೂತಿದೆ’ ಎಂದ. ಹತ್ತು ಜನ ಕೇಳಿಸಿಕೊಂಡರು. ‘ಅದರ ಮೇಲೆ ಜ್ಯಾಮ್ ಹಚ್ಕೊಂಡು ತಿನ್ನು’ ಎಂದ ಆರ್ಚಿ. ಹಡಗಿನ ತಗಡು ಅದುರುವ ಹಾಗೆ ನಕ್ಕರು. ಎಕ್ ರೆನಿ ಅಂತೂ ಬಿದ್ದು ಬಿದ್ದು ನಕ್ಕ. ಹುಡುಗ ಬ್ರೆಡ್ಡನ್ನು ಪೊಟ್ಟಣಕ್ಕೆ ವಾಪಸು ಸುತ್ತಿಟ್ಟು, ಏಣಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಮೇಸ್ತ್ರಿ ಎಲ್ಲರೆದುರು, ‘ನಿನ್ನ ಮಾತಿಗೆ ಇಷ್ಟೇನಾ ಬೆಲೆ ಗಿಲ್ಫಿಲನ್?’ ಎಂದ. ಸಂಜೆ ಮನೆಗೆ ಬಂದು ಆರ್ಚಿ ಮಗನ ಬಟ್ಟೆಯ ಚೀಲವನ್ನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಇಟ್ಟ. ಆಗ ತನ್ನದು ಸರಿ ಎಂದೇ ಇತ್ತು. ಆಮೇಲೆ ಒಬ್ಬೊಬ್ಬರಾಗಿ ಗುಂಪಿನವರ ಶವಪೆಟ್ಟಿಗೆ ಹೊರುವಾಗ, ಆ ಹುಡುಗ ಹನ್ನೊಂದು ತಿಂಗಳಲ್ಲಿ ಎಷ್ಟು ಉಸಿರು ಎಳೆದುಕೊಂಡಿರಬಹುದು ಎಂಬ ಲೆಕ್ಕ ಶುರುವಾಗಿತ್ತು. ಅದನ್ನು ಅವನು ಐಸಾಗೂ ಹೇಳಿರಲಿಲ್ಲ. ಆರು ಭಾನುವಾರವೂ ಅವನು ಫುಟ್ಬಾಲ್ ನೋಡಿದ್ದಕ್ಕಿಂತ ಮಗನ ಉಸಿರು ಕೇಳಿದ್ದೇ ಹೆಚ್ಚು.

ಬಾಗಿಲ ಬೀಗ ತಿರುಗಿತು. ಅವನು ತಟ್ಟನೆ ತಿರುಗಿದ. ಐಸಾ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವುತ್ತಾ, ‘ಪಾದ್ರಿಗೆ ಇವತ್ತು ಗಂಟಲು ಕೂತಿತ್ತು, ಬೇಗ ಬಿಟ್ಟ, ಪುಣ್ಯ’ ಎಂದಳು. ಕಿಟಕಿಯ ಹತ್ತಿರ ಬಂದು ಅವನು ನೋಡುತ್ತಿದ್ದ ಕಡೆ ನೋಡಿದಳು. ‘ಹನ್ನೆರಡೂ ಆಗಿಲ್ಲ. ಕಣ್ಣು ಕಿತ್ತು ರಸ್ತೆ ಮೇಲೆ ಇಟ್ಟಿದೀಯ.’

‘ಗಾಳಿ ನೋಡ್ತಿದೀನಿ.’

‘ನೋಡು ನೋಡು. ಗಾಳಿ ಹನ್ನೆರಡೂವರೆ ದೋಣಿಗೆ ಬರುತ್ತೆ.’

ಅವಳು ಅಡಿಗೆಮನೆಗೆ ಹೋದಳು. ಇವಳಿಗೆ ಗೊತ್ತಿಲ್ಲ ಎಂದುಕೊಂಡ. ಗೊತ್ತಿದ್ದರೆ ಹೀಗೆ ಮಾತಾಡುತ್ತಿದ್ದಳೇ? ಇಡೀ ವಾರ ಅವನು ಕಾದಿದ್ದು ಅದಕ್ಕೇ. ಡೂಗಲ್ ತಂಗಿಗೆ ಹೇಳುತ್ತಾನೆ, ರೋನಾ ತಾಯಿಗೆ ಹೇಳುತ್ತಾಳೆ, ಐಸಾ ಪಾತ್ರೆ ಕುಕ್ಕುತ್ತಾಳೆ, ಆಗ ‘ಸುಳ್ಳು ಕಣೇ’ ಎಂದು ಹೇಳಿಬಿಡುವುದು ಎಂದು ಸಿದ್ಧವಾಗಿದ್ದ. ಸೋಮವಾರ ಐಸಾ ಮಾಂಸದ ಕೊಚ್ಚು, ಆಲೂಗಡ್ಡೆ ಮಾಡಿದಳು. ಮಂಗಳವಾರ ಅವನ ತಲೆಗೂದಲು ಕತ್ತರಿಸಿದಳು. ಗುರುವಾರ ರೋನಾ ಬಂದು, ಕಿವಿಯ ಹಿಂದೆ ಕೂದಲು ಉಳಿದಿದೆ ಎಂದು ತಾಯಿಯನ್ನು ರೇಗಿಸಿದಳು. ಪಾತ್ರೆ ಯಾರೂ ಕುಕ್ಕಲಿಲ್ಲ. ಹಾಗಾದರೆ ಡೂಗಲ್ ಹೇಳಿಲ್ಲ. ಹೇಳದೆ ಇದ್ದದ್ದು ಅಪ್ಪನ ಮೇಲಿನ ಕರುಣೆಗೋ, ಇನ್ನು ಈ ಮನೆಯ ಉಸಾಬರಿಯೇ ಬೇಡ ಎಂದೋ?

ಸುಳ್ಳಿಗೆ ಕಾರಣ ಹೋದ ತಿಂಗಳ ಕೊನೆಯ ಕಾಗದವಲ್ಲ, ಈ ತಿಂಗಳ ಒಂದನೇ ತಾರೀಕು ಮಿಸ್ ಕಿನ್ಲಾಕ್ ಅವನ ಹೇಳಿಕೆ ಬರೆದುಕೊಳ್ಳಲು ಬಂದದ್ದು. ಆಕೆ ಯಾರ್ಡಿನ ವರ್ಷಗಳು, ಮೂಟೆಗಳು, ಮೇಸ್ತ್ರಿಗಳು ಎಲ್ಲ ಬರೆದುಕೊಂಡು, ‘ಈಗ ಸಂಸಾರದ್ದು’ ಎಂದು ಹಾಳೆ ತಿರುಗಿಸಿದಳು. ‘ಮಗ ಪ್ರತಿ ಭಾನುವಾರ ಬರ್ತಾರೆ ಅಲ್ವಾ?’

‘ಬರ್ತಾನೆ. ಪೈ ತರ್ತಾನೆ. ಪೆನಾಲ್ಟಿ ವಿಷಯಕ್ಕೆ ಜಗಳಾನೂ ಆಡಿದ್ವಿ, ಬರ್ಕೊಳ್ಳಿ.’

‘ಬರ್ಕೋತೀನಿ. ಜಗಳಾನೂ ಒಡನಾಟಾನೇ,’ ಎಂದು ಆಕೆ ನಕ್ಕಳು. ‘ತಾರೀಕು ಎಲ್ಲಾ ರೋನಾ ಕೊಟ್ಟಿದಾರೆ, ಜನವರಿ ಎರಡರಿಂದ. ಅದಕ್ಕೆ ಮುಂಚಿಂದು ಸ್ವಲ್ಪ ಕಷ್ಟ. ಡಿಸೆಂಬರ್ ಇಪ್ಪತ್ತಕ್ಕೆ ನಾನು ಮನೆಯವರನ್ನ ವಿಚಾರಿಸಿದಾಗ ಮಗನ ಜೊತೆ ಹೋಗಿಬರೋ ರೂಢಿ ಇಲ್ಲ ಅಂತ ಹೇಳಿದ್ರು. ಆ ಕಡೆ ವಕೀಲರು ಅದನ್ನೇ ಹಿಡ್ಕೋತಾರೆ. ತಂದೆನ ನೋಡೋಕೇ ಬರದವನು ತಂದೆ ಸತ್ತರೆ ಕಳ್ಕೊಳೋದೇನು ಅಂತ. ಅದಕ್ಕೇ ಕೇಳ್ತಿದೀನಿ.’

ಐಸಾ ಬಿಸ್ಕತ್ತಿನ ತಟ್ಟೆಯನ್ನು ಸುಮ್ಮನೆ ಎರಡಂಗುಲ ಸರಿಸಿದಳು. ಆ ಎರಡಂಗುಲದಲ್ಲಿ ಆರ್ಚಿಗೆ ಎಲ್ಲ ತಿಳಿಯಿತು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳ ಮೇಲೆ ರೋನಾ ಇಟ್ಟ ನೀಲಿ ಗುರುತುಗಳನ್ನು ಅವನು ಮಗಳ ಸಂಭ್ರಮ ಎಂದುಕೊಂಡಿದ್ದ. ಯಾರ್ಡಿನ ಗೇಟಿನಲ್ಲಿ ಹಾಜರಿ ಗುಮಾಸ್ತ ಹೀಗೆಯೇ ಗುರುತು ಹಾಕುತ್ತಿದ್ದ. ಮಿಸ್ ಕಿನ್ಲಾಕ್ ಬೂಟು ಹಾಕಿಕೊಂಡು ಮೆಟ್ಟಿಲು ಇಳಿಯುವವರೆಗೆ ಕಾದು, ‘ನಿನಗೂ ಗೊತ್ತಿತ್ತು’ ಎಂದ.

‘ಏನು ಗೊತ್ತಿತ್ತು?’

‘ರೋನಾ ಹೋಗಿ ಅವನನ್ನ ಕರ್ಕೊಂಬಂದಿದ್ದು.’

‘ಕರೆದಳು, ಬಂದ,’ ಎಂದಳು ಐಸಾ. ‘ಕರೀದೇ ಬರ್ಲಿ ಅಂತ ನೀನು ಮೂವತ್ತೆರಡು ವರ್ಷ ಕೂತಿದ್ಯಲ್ಲ. ಬಂದನಾ?’

‘ನನ್ನ ಹೆಣಕ್ಕೆ ಹಾಜರಿ ಹಾಕಿಸ್ತಿದೀರಿ ಎಲ್ಲಾರೂ ಸೇರಿ.’

‘ಸುಳ್ಳು ಬರೆಸೋದು ಬೇಡ, ನಿಜವಾಗ್ಲೂ ಬರ್ಲಿ ಅಂದ್ಲು ರೋನಾ. ಅದರಲ್ಲಿ ತಪ್ಪೇನು? ಮೆಲ್ಲಗೆ ಮಾತಾಡು, ಉಸಿರು ಹೋಗುತ್ತೆ.’

ತಪ್ಪೇನು ಎಂದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಬಡವರ ಮನೆಯ ಜಾಣತನ ಅದು, ತಾನೇ ಆಗಿದ್ದರೂ ಮಾಡುತ್ತಿದ್ದ. ಬರದ ಮಗನ ಪಾಲು ಸೊನ್ನೆ. ಪೈ ತರುವ ಮಗನ ಪಾಲು ಹತ್ತೋ ಹನ್ನೆರಡೋ ಸಾವಿರ. ಡೂಗಲ್‌ಗೆ ಎರಡು ಹೆಣ್ಣುಮಕ್ಕಳು, ಮನೆಯ ಸಾಲ. ಬೇಡ ಎನ್ನುವ ಯೋಗ್ಯತೆ ತನಗೇನಿದೆ. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ‘ತಾನಾಗೇ ಬಂದ’ ಎಂದು ನಾಲ್ಕು ಸಲ ಹೇಳಿದ್ದನ್ನು ನೆನೆದರೆ ಅವನಿಗೆ ಈಗಲೂ ಮೈ ಬಿಸಿಯಾಗುತ್ತದೆ. ಐಸಾ ಕತ್ತಲಲ್ಲಿ ಯಾವ ಮುಖ ಮಾಡಿಕೊಂಡು ‘ಹೂಂ’ ಎಂದಿರಬಹುದು. ಆ ಮೇಲಿನ ಭಾನುವಾರ, ಐಸಾ ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟಿದ್ದಾಗ, ಮಗನ ಕಡೆ ತಿರುಗದೆ ಟಿವಿ ನೋಡುತ್ತಲೇ ಅವನು ಹೇಳಿಬಿಟ್ಟ: ‘ನಾನು ಸಹಿ ಹಾಕ್ಬಿಟ್ಟೆ ಕಣೋ. ದುಡ್ಡು ನನಗೇ ಬರುತ್ತೆ. ನಾನು ಸತ್ತ ಮೇಲೆ ನಿಮಗ್ಯಾರಿಗೂ ಏನಿಲ್ಲ.’ ಡೂಗಲ್ ಚಹಾ ಕಲಕುತ್ತಿದ್ದ ಚಮಚ ನಿಲ್ಲಿಸಿದ. ‘ಅಮ್ಮಂಗೆ ಗೊತ್ತಾ?’ ‘ಇಲ್ಲ.’ ಚಮಚ ಮತ್ತೆ ತಿರುಗಿತು. ‘ಸರಿ’ ಎಂದ. ಯಾವಾಗಲೂ ಐದೂವರೆಯ ದೋಣಿಗೆ ಹೋಗುತ್ತಿದ್ದವನು ಅವತ್ತು ಐದರ ದೋಣಿಗೆ ಹೋದ. ಆ ಅರ್ಧ ಗಂಟೆಯನ್ನು ಆರ್ಚಿ ವಾರವೆಲ್ಲ ಅಗಿದಿದ್ದಾನೆ. ಅದು ನುಂಗಲಾರದ, ಉಗುಳಲಾರದ ತುತ್ತು. ನಡುರಾತ್ರಿ ಇನ್ನೊಂದು ಯೋಚನೆಯೂ ಬಂದಿತ್ತು: ಸುಳ್ಳನ್ನು ನಿಜ ಮಾಡಿಬಿಟ್ಟರೆ? ಡ್ರಾಯರು ನಾಲ್ಕು ಹೆಜ್ಜೆ. ಸಹಿ ಹಾಕಿದರೆ ಮಗ ಬರುವುದಕ್ಕೆ ಕಾರಣವೇ ಉಳಿಯುವುದಿಲ್ಲ, ಆಮೇಲೆ ಬಂದದ್ದೆಲ್ಲ ಅಪ್ಪಟ. ಒಂದು ಉತ್ತರಕ್ಕಾಗಿ ಐಸಾಳ ಮುಪ್ಪಿನ ಅನ್ನ ಮಾರುವುದು. ತನ್ನೊಳಗೆ ಇಂಥದೊಂದು ಪ್ರಾಣಿ ಇದೆ ಎಂದು ತಿಳಿಯಲು ಎಪ್ಪತ್ತೊಂದು ವರ್ಷ ಬೇಕಾಯಿತು.

ಹನ್ನೆರಡೂವರೆಯ ದೋಣಿಯ ಹೊತ್ತು ದಾಟಿತು. ಮೂಲೆಯಲ್ಲಿ ಒಂದು ನಾಯಿ, ಒಬ್ಬ ಹೆಂಗಸು, ಪತ್ರಿಕೆ ಹಿಡಿದ ಮುದುಕ. ಒಂದು ಗಂಟೆಯ ದೋಣಿಯ ಹೊತ್ತೂ ಆಯಿತು. ಯಾರೂ ಇಲ್ಲ. ಐಸಾ ಒಲೆ ಸಣ್ಣ ಮಾಡಿದ ಸದ್ದು ಕೇಳಿಸಿತು. ಸಿಕ್ಕಿತಲ್ಲ ಉತ್ತರ, ಇನ್ನೇನು ಬೇಕು ನಿನಗೆ ಎಂದು ಆರ್ಚಿ ತನಗೇ ಹೇಳಿಕೊಂಡ. ವಿಚಿತ್ರವೆಂದರೆ ಮಗನ ಮೇಲೆ ಕೋಪ ಬರಲಿಲ್ಲ. ಮೆಟ್ಟಿಲ ಮೇಲೆ ಇಟ್ಟ ಆ ಚೀಲದ ಹಿಡಿಕೆಗೆ ಹಸಿರು ದಾರ ಕಟ್ಟಿತ್ತು ಎಂಬುದು ನೆನಪಾಗಿ, ಅದನ್ನು ಕಟ್ಟಿದವರು ಯಾರಿರಬಹುದು ಎಂದು ಯೋಚಿಸತೊಡಗಿದ. ಅಳು ಬರುತ್ತದೇನೋ ಎಂದು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡ. ಎರಡಕ್ಕೆ ಐದು ನಿಮಿಷವಿದ್ದಾಗ ಮೂಲೆಯಲ್ಲಿ ಡೂಗಲ್ ಕಾಣಿಸಿಕೊಂಡು, ಖಾಲಿ ರಸ್ತೆಯ ಎರಡೂ ಕಡೆ ನೋಡಿ, ದಾಟಿದ.

ಆರ್ಚಿಗೆ ಆದ ಸಂತೋಷವನ್ನು ಮುಚ್ಚಿಟ್ಟು ಹೇಳುವ ಅಗತ್ಯವಿಲ್ಲ. ಅವನು ಕುಣಿಯಲಾರದವನಾದ್ದರಿಂದ ಕುಣಿಯಲಿಲ್ಲ. ಬಂದ. ದುಡ್ಡಿಲ್ಲ ಎಂದು ಗೊತ್ತಿದ್ದೂ ಬಂದ. ಮೆಟ್ಟಿಲ ಮೇಲಿನ ಬೂಟಿನ ಸದ್ದನ್ನು ಅವನು ಒಂದೊಂದಾಗಿ ಎಣಿಸಿದ. ‘ದೋಣಿ ಕೆಟ್ಟಿತ್ತು,’ ಎಂದ ಡೂಗಲ್ ಒಳಗೆ ಬಂದು, ಒದ್ದೆ ಕೋಟು ಬಾಗಿಲಿಗೆ ನೇತುಹಾಕುತ್ತಾ. ‘ಸುತ್ತು ಹಾಕ್ಕೊಂಡು ಬಸ್ಸಲ್ಲಿ ಬಂದೆ. ಆ ಡ್ರೈವರು ಓಡಿಸೋ ಚಂದಕ್ಕೆ ಇಳಿದು ತಳ್ಳಿಬಿಡೋಣ ಅನ್ನಿಸ್ತು.’

‘ನೀನು ಓಡಿಸೋದು ನೋಡಿದೋರೂ ಹಾಗೇ ಅಂತಾರಂತೆ,’ ಎಂದ ಆರ್ಚಿ.

‘ಯಾರು ಅಂದಿದ್ದು?’

‘ಊರೆಲ್ಲಾ ಅನ್ನುತ್ತೆ.’

ಆರ್ಚಿ ಒಂದೂವರೆ ಪೈ ತಿಂದ. ಐಸಾ ಆ ಅರ್ಧವನ್ನು ನೋಡಿ ತಟ್ಟೆ ಎತ್ತಿದಳು. ಅವನ ಪಾಲಿಗೆ ಮನೆ ದೊಡ್ಡದಾಗಿತ್ತು. ಐಸಾಗೆ ಕಣ್ಣು ಮಂಜು, ಅವನಿಗೆ ಬಗ್ಗಿದರೆ ಉಸಿರು ಕಟ್ಟುತ್ತದೆ, ಕಾಲಿನ ಉಗುರುಗಳು ಡಿಸೆಂಬರಿನಿಂದ ಬೆಳೆದು ಕಾಲುಚೀಲ ಹರಿಯುತ್ತಿದ್ದವು. ‘ಇವನೇ, ಅಪ್ಪನ ಉಗುರು ತೆಗೆದು ಹೋಗು, ಪುಣ್ಯ ಬರುತ್ತೆ’ ಎಂದು ಅವಳು ಬಿಸಿನೀರಿನ ಬೋಗುಣಿ ತಂದಿಟ್ಟಳು. ಬೇಡ ಬೇಡ ಎನ್ನುತ್ತಲೇ ಆರ್ಚಿ ಪಾದ ಇಳಿಬಿಟ್ಟ. ಡೂಗಲ್ ಮಣೆ ಎಳೆದುಕೊಂಡು ಕೂತು, ಟವಲು ಹಾಸಿ, ಅಪ್ಪನ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಯಾರಾದರೂ ತನ್ನ ಪಾದ ಹಿಡಿದು ಎಷ್ಟು ವರ್ಷವಾಯಿತೆಂದು ಆರ್ಚಿಗೆ ನೆನಪಾಗಲಿಲ್ಲ. ಮಗನ ಬೋಳು ನೆತ್ತಿ, ಅದರ ಮೇಲೆ ಮಳೆಯ ನಾಲ್ಕು ಹನಿ, ಅವನ ಉಸಿರು, ಅದರಲ್ಲಿ ಗೊರಗೊರ ಇಲ್ಲ, ಇಲ್ಲ, ಶುದ್ಧವಾಗಿದೆ. ಇಂಥವನಿಗೆ ಸುಳ್ಳು ಹೇಳಿದೆನಲ್ಲ ಎಂದುಕೊಂಡ. ಈಗ ಹೇಳಬಹುದು. ಗೆದ್ದವನು ಉದಾರವಾಗಬಹುದು.

‘ಡೂಗಲ್. ಹೋದ ವಾರ ಸಹಿ ಅಂತ ಹೇಳಿದ್ನಲ್ಲ, ಅದು ಸುಳ್ಳು. ಹಾಕಿಲ್ಲ.’

ಡೂಗಲ್ ತಲೆ ಎತ್ತಲಿಲ್ಲ. ಹೆಬ್ಬೆರಳಿನ ಉಗುರು ಕಟಕ್ ಎಂದಿತು. ‘ಗೊತ್ತು’ ಎಂದ.

‘ಏನು ಗೊತ್ತು?’

‘ಹಾಕಿಲ್ಲ ಅಂತ. ರೋನಾಗೆ ಹೇಳ್ದೆ, ಅವಳು ಸೋಮವಾರ ಬೆಳಿಗ್ಗೇನೇ ವಕೀಲರಿಗೆ ಫೋನ್ ಮಾಡಿ ಕೇಳಿದ್ಲು.’

ಅಡಿಗೆಮನೆಯಲ್ಲಿ ನಲ್ಲಿ ನಿಂತಿತು. ಅಂದರೆ ಸೋಮವಾರದ ಮಾಂಸದ ಕೊಚ್ಚು, ಮಂಗಳವಾರದ ಕ್ಷೌರ, ಗುರುವಾರದ ನಗು, ಎಲ್ಲವೂ ಗೊತ್ತಿದ್ದೇ. ವಾರವೆಲ್ಲ ಅವನು ಮನೆಯವರನ್ನು ಬಲೆಯಲ್ಲಿ ಹಿಡಿದಿದ್ದೇನೆ ಎಂದುಕೊಂಡಿದ್ದ. ಬಲೆಯೊಳಗೆ ಇದ್ದವನು ಒಬ್ಬನೇ. ಬೆಳಗಿನ ಲೆಕ್ಕ ಮತ್ತೆ ಮೊದಲಿಗೆ ಬಂದು ನಿಂತಿತು. ಕೇಳಬಾರದು ಎಂದು ಗೊತ್ತಿತ್ತು. ಕೇಳಿದ.

‘ಫೋನ್ ಮಾಡದೇ ಇದ್ದಿದ್ರೆ ಇವತ್ತು ಬರ್ತಿದ್ಯಾ?’

ಡೂಗಲ್ ಎರಡನೇ ಬೆರಳು ಹಿಡಿದ. ಉಗುರು ಗಟ್ಟಿ, ಎರಡು ಸಲ ಒತ್ತಬೇಕಾಯಿತು. ‘ಆ ಭಾನುವಾರ ರಾತ್ರಿ ಅದು ಸುಳ್ಳು ಅಂತ ನನಗೆ ಗೊತ್ತಿರ್ಲಿಲ್ಲ,’ ಎಂದ. ‘ದೋಣೀಲಿ ಹೋಗ್ತಾ ಏನು ಅಂದ್ಕೊಂಡೆ, ಮಲಗೋವಾಗ ಏನು ಅಂದ್ಕೊಂಡೆ, ವಾರವೆಲ್ಲಾ ನೆನಪು ಮಾಡ್ಕೊಳ್ಳೋಕೆ ನೋಡ್ದೆ. ಆಗ್ತಿಲ್ಲ ಅಪ್ಪಾ. ರೋನಾ ಮೇಲೆ ರೇಗಿಬಿಟ್ಟೆ. ನೀನು ಫೋನ್ ಮಾಡಬಾರದಿತ್ತು ಅಂದೆ. ಮಾಡದೇ ಇದ್ದಿದ್ರೆ, ನಾನು ಬರ್ತಿದ್ನಾ ಇಲ್ವಾ ಅಂತ ನನಗೂ ಗೊತ್ತಾಗ್ತಿತ್ತು.’

ಆರ್ಚಿ ಆ ನೆತ್ತಿಯನ್ನೇ ನೋಡಿದ. ಇಷ್ಟು ವರ್ಷದಲ್ಲಿ ಈ ಮಗ ತನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

‘ಕಾಗದ ಆ ಡ್ರಾಯರಲ್ಲಿದೆ. ತೆಗೆದು ಹರಿದು ಹಾಕು. ನಾಡಿದ್ದಿನವರೆಗೂ ನನ್ನ ಕಣ್ಣಿಗೆ ಬೀಳೋದು ಬೇಡ.’

‘ನನ್ನ ಕೈಲಿ ಹರಿಸಬೇಡ,’ ಎಂದ ಡೂಗಲ್. ದನಿ ಏರಲಿಲ್ಲ, ಕತ್ತರಿ ಮಾತ್ರ ನಿಂತಿತು. ‘ಅದೊಂದು ಕೇಳಬೇಡ. ಅದನ್ನ ಹರಿಯೋದು ಅಂದ್ರೆ ಏನು ಅಂತ ನನಗೂ ಗೊತ್ತು, ನಿನಗೂ ಗೊತ್ತು.’

ಐಸಾ ಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ಬಿಸಿನೀರಿನ ಕೆಟಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ‘ನೀರು ತಣ್ಣಗಾಯ್ತೇನೋ?’ ಎಂದಳು. ‘ಆಯ್ತಮ್ಮಾ, ಸ್ವಲ್ಪ ಹಾಕು’ ಎಂದ ಡೂಗಲ್. ಅವಳು ಬಗ್ಗಿ, ಗಂಡನ ಕಾಲಿಗೆ ತಾಗದ ಹಾಗೆ ಬೋಗುಣಿಯ ಅಂಚಿನಲ್ಲಿ ನಿಧಾನವಾಗಿ ಸುರಿದಳು. ಯಾರೂ ಡ್ರಾಯರಿನ ಕಡೆ ನೋಡಲಿಲ್ಲ. ಡೂಗಲ್ ಬಲಗಾಲನ್ನು ಒರೆಸಿ ಕೆಳಗಿಟ್ಟು, ‘ಇನ್ನೊಂದು ಕೊಡು’ ಎಂದ. ಆರ್ಚಿ ಎಡಗಾಲನ್ನು ನೀರಿನಿಂದ ಎತ್ತಲು ನೋಡಿದ. ಆಗಲಿಲ್ಲ. ಡೂಗಲ್ ಎರಡೂ ಕೈ ನೀರಿಗೆ ಹಾಕಿ ಅದನ್ನು ಎತ್ತಿಕೊಂಡ.